ಮೈಗೆ ಹತ್ತಿರ

ಏಳುವ ಮೊದಲು ಹೇಗೆ ಏಳಬೇಕೆಂದು ಯೋಚಿಸುವ ಕಾಲ ನಲವತ್ತೆರಡಕ್ಕೇ ಬಂದೀತೆಂದು ಮಹಾನಂದಾ ಅಂದುಕೊಂಡಿರಲಿಲ್ಲ. ಕಣ್ಣು ಬಿಟ್ಟಾಗ ಬೆಳಕಿಂಡಿಯಿಂದ ಇಳಿದ ಬೆಳಕು ಆಗಲೇ ಗೋಡೆಗೆ ಹತ್ತಿತ್ತು. ಮೊದಲು ಬಲಮಗ್ಗುಲಿಗೆ ಹೊರಳಬೇಕು. ಹೊರಳುವಾಗ ಸೊಂಟ ಒಂದು ಕಡೆ, ಹೆಗಲು ಒಂದು ಕಡೆ ಆಗಬಾರದು. ಆಮೇಲೆ ಮೊಣಕಾಲು ಮಡಚಿ, ಕಾಲೆರಡನ್ನೂ ಮಂಚದಿಂದ ಕೆಳಗೆ ಬಿಟ್ಟು, ಅಂಗೈ ಊರಿ ಮೈಯನ್ನು ಮೇಲೆ ತರಬೇಕು. ಇಷ್ಟರೊಳಗೆ ಎಲ್ಲೋ ಒಂದು ಕಡೆ ಅದು ಕೂತಿರುತ್ತದೆ. ಒಂದು ದಿನ ಹೊರಳುವಲ್ಲಿ, ಒಂದು ದಿನ ಕಾಲು ಬಿಡುವಲ್ಲಿ, ಒಂದೊಂದು ದಿನ ಎಲ್ಲ ಮುಗಿಯಿತೆಂದು ಎದ್ದು ನಿಂತು ಸೀರೆಯ ನೆರಿಗೆ ಸರಿಮಾಡಿಕೊಳ್ಳಲು ಬಗ್ಗಿದಾಗ. ಸೊಂಟದ ಎಡಕ್ಕೆ ಹುಟ್ಟಿ ತೊಡೆಯ ಹಿಂಭಾಗದಿಂದ ಹಿಮ್ಮಡದವರೆಗೆ ಒಂದೇ ಉಸಿರಿಗೆ ಓಡಿಹೋಗುತ್ತದೆ. ಊರಲ್ಲಿ ಅದಕ್ಕೆ ಚಳಕು ಅನ್ನುತ್ತಾರೆ. ಹುಬ್ಬಳ್ಳಿಯ ಎಲುಬಿನ ಡಾಕ್ಟರು ಬೇರೆ ಏನೋ ಹೆಸರು ಹೇಳಿದ್ದರು. ಹೆಸರು ಯಾವುದಾದರೂ ಬಾಯಿಂದ ಹೊರಡುವ ಶಬ್ದ ಒಂದೇ, ಮತ್ತು ಆ ಶಬ್ದವನ್ನು ಅವಳು ಹಲ್ಲು ಕಚ್ಚಿ ಒಳಗೇ ಇಟ್ಟುಕೊಳ್ಳುತ್ತಿದ್ದಳು, ಯಾಕೆಂದರೆ ನಡುಮನೆಯಲ್ಲಿ ಅತ್ತೆ ರೇವವ್ವ ಎಚ್ಚರಾಗಿದ್ದಳು. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಬಲಗೈ ಬಲಗಾಲು ಹೋದಾಗಿನಿಂದ ರೇವವ್ವನ ಮಂಚ ಅಲ್ಲೇ. ಮೊದಲೆಲ್ಲ ಬೆಳಕು ಹರಿಯುವ ಮುಂಚೆಯೇ ‘ಮಾನಂದಾ, ಏ ಮಾನಂದಾ’ ಎಂದು ಹತ್ತು ಸಲ, ಹದಿನೈದು ಸಲ ಕರೆಯುತ್ತಿದ್ದವಳು ಒಂಬತ್ತು ದಿನಗಳಿಂದ ಕರೆಯುವುದನ್ನು ಬಿಟ್ಟಿದ್ದಾಳೆ. ಕಾಯುತ್ತಾಳೆ. ಒದ್ದೆ ಆದರೂ ಕಾಯುತ್ತಾಳೆ. ಕರೆಯುತ್ತಿದ್ದಾಗ ಮನಸ್ಸಿನಲ್ಲಾದರೂ ಬೈದುಕೊಳ್ಳಬಹುದಾಗಿತ್ತು. ಈ ಸುಮ್ಮನಿರುವಿಕೆಗೆ ಏನು ಅನ್ನಬೇಕೆಂದು ಅವಳಿಗೆ ತಿಳಿಯುವುದಿಲ್ಲ.

ಎದ್ದು ನಿಂತಳು. ಇವತ್ತು ಅದು ಕಾಲು ಬಿಡುವಲ್ಲಿ ಸಿಕ್ಕಿತು, ಹಾಗಾಗಿ ಉಳಿದ ದಾರಿ ಸಲೀಸಾಯಿತು. ಗೋಡೆಯ ಮೊಳೆಯಲ್ಲಿ ಗಂಡನ ಬೆಲ್ಟು ತೂಗುತ್ತಿತ್ತು. ನಾಲ್ಕು ವರ್ಷದ ಹಿಂದೆ ಸುಭಾಸನಿಗೆ ಬೆನ್ನುನೋವು ಬಂದದ್ದು ಕುಬಿಹಾಳದ ಅರ್ಧ ಊರಿಗೆ ಗೊತ್ತು. ಅವನು ಸಂಶಿಯ ಹೈಸ್ಕೂಲಿನಲ್ಲಿ ಗುಮಾಸ್ತ. ದಿನಾ ತಗ್ಗುದಿನ್ನೆಯ ರಸ್ತೆಯಲ್ಲಿ ಬೈಕು ಹೊಡೆದು ಬಂದಿತ್ತು ಆ ನೋವು. ಎಕ್ಸ್‌ರೇ ಆಯಿತು, ಹಾಸಿಗೆ ಬದಲಾಯಿತು, ಸೊಂಟಕ್ಕೆ ಈ ಬೆಲ್ಟು ಬಂತು, ಬಂದು ಹೋಗುವವರೆಲ್ಲ ‘ಈಗ ಹೆಂಗೈತ್ರಿ ಬೆನ್ನು’ ಎಂದು ಕೇಳುವಂತಾಯಿತು, ಎರಡು ತಿಂಗಳಿಗೆ ವಾಸಿಯೂ ಆಯಿತು. ಅದು ವಾಸಿಯಾದದ್ದರಲ್ಲಿ ಅವಳ ಪಾಲೂ ಇತ್ತು. ರಾತ್ರಿ ಹಗಲು ಬಿಸಿ ಉಸುಕಿನ ಗಂಟಿನಿಂದ ಅವನ ಸೊಂಟ ಕಾಸಿದವಳು ಅವಳೇ. ಬಗ್ಗಿ ಕಾಸುತ್ತಿದ್ದಳು. ಆಗ ತನ್ನ ಬೆನ್ನಿನಲ್ಲೂ ಏನೋ ಹರಿದಾಡುತ್ತಿದೆ ಅನ್ನಿಸಿದ್ದನ್ನು ಯಾರಿಗೂ ಹೇಳಿರಲಿಲ್ಲ. ಒಂದು ಮನೆಯಲ್ಲಿ ಎರಡು ಬೆನ್ನುನೋವು ಇರುವುದು ಯಾಕೋ ನಾಚಿಕೆಯ ಸಂಗತಿ ಎನಿಸಿತ್ತು. ಈಗ ಅದೇ ಬೆಲ್ಟನ್ನು ಸೊಂಟಕ್ಕೆ ಸುತ್ತಿ ಕೊನೆಯವರೆಗೂ ಎಳೆದು ಅಂಟಿಸಿದಳು. ಆದರೂ ಸಡಿಲವಾಗಿಯೇ ಉಳಿಯಿತು. ಅದರೊಳಗೆ ಗಂಡನ ಬೆವರಿನ ವಾಸನೆ ಇನ್ನೂ ಇತ್ತು.

‘ಬೆಲ್ಟ್ ಹಾಕ್ಕೊಂಡಿಯೇನು?’ ಕನ್ನಡಿಯ ಮುಂದೆ ತಲೆ ಬಾಚುತ್ತ ಸುಭಾಸ ಕೇಳಿದ. ಕೆಟ್ಟ ಮನುಷ್ಯನಲ್ಲ. ಕೈ ಎತ್ತಿದವನಲ್ಲ, ದನಿ ಏರಿಸಿದವನಲ್ಲ. ‘ಕುಂದಗೋಳಕ್ಕ ಹತ್ತರ ಬಸ್ಸಿಗೆ ಹೋಗು. ಇವತ್ತ ಶನಿವಾರ, ನಂದು ಅರ್ಧಾ ದಿನಾ ಸಾಲಿ. ನೀ ಬರೂದ್ರಾಗ ನಾನೂ ಬಂದಿರ್ತೀನಿ. ಅವ್ವನ ಹಂತ್ಯಾಕ ಹಲೀಮಾಬಿ ಕುಂದರ್ತಾಳ.’

‘ಹೂಂ.’

‘ಭಾರ ಎತ್ತಬ್ಯಾಡ ಅಂದಾರ, ನೆನಪೈತಿಲ್ಲ?’

ಅವಳು ಅವನ ಮುಖ ನೋಡಿದಳು. ಅದರಲ್ಲಿ ಕುಹಕ ಇರಲಿಲ್ಲ, ಅದೇ ಕಷ್ಟ. ಸೋಮವಾರ ಹುಬ್ಬಳ್ಳಿಯಲ್ಲಿ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಅವಳ ಬೆನ್ನಿನ ವಿಷಯವನ್ನು ಅವಳನ್ನು ಬಿಟ್ಟು ಸುಭಾಸನಿಗೆ ಹೇಳಿದ್ದರು: ‘ಇವರಿಗೆ ಭಾರ ಎತ್ತೂ ಕೆಲಸಾ ಕೊಡಬ್ಯಾಡ್ರಿ.’ ಸುಭಾಸ ತಕ್ಷಣ, ‘ಇಲ್ರಿ ಸರ್, ಭಾರದ ಕೆಲಸಾ ಏನೂ ಇಲ್ಲ ನಮ್ಮ ಮನ್ಯಾಗ’ ಎಂದಿದ್ದ. ಸುಳ್ಳು ಹೇಳುತ್ತಿದ್ದೇನೆಂದು ಅವನಿಗೆ ಹೊಳೆದಿರಲೂ ಇಲ್ಲ. ನೀರು ನಳದಲ್ಲಿ ಬರುತ್ತದೆ, ಹಿಟ್ಟು ಗಿರಣಿಯಿಂದ ಅವನೇ ತರುತ್ತಾನೆ, ಇನ್ನೇನು ಭಾರ? ನಿಮ್ಮ ತಾಯಿ ಎಂದು ಅವಳು ಹೇಳಬೇಕಾಗಿತ್ತು. ದಿನಕ್ಕೆ ಆರು ಸಲ, ಏಳು ಸಲ, ಅರವತ್ತು ಕಿಲೋದ ನಿಮ್ಮ ತಾಯಿ. ಆದರೆ ಗಂಡನ ಮುಂದೆ, ಪರಿಚಯವಿಲ್ಲದ ಡಾಕ್ಟರ ಮುಂದೆ, ಮುದುಕಿಯೊಬ್ಬಳನ್ನು ಭಾರ ಎಂದು ಕರೆಯುವ ಹೆಂಗಸು ತಾನಾಗಬೇಕಾಗುತ್ತಿತ್ತು. ಅದರಲ್ಲೂ ಬೀಳಿಸಿದ ಮೇಲೆ. ಅವಳು ಡಾಕ್ಟರ ಮೇಜಿನ ಮೇಲಿದ್ದ ಪ್ಲಾಸ್ಟಿಕ್ಕಿನ ಬೆನ್ನೆಲುಬನ್ನು ನೋಡುತ್ತ ಕೂತಿದ್ದಳು.

ಒಂಬತ್ತಕ್ಕೆ ಹಲೀಮಾಬಿ ಬಂದಳು. ಎದುರು ಮನೆಯ ಹಲೀಮಾಬಿ, ರೇವವ್ವನಿಗಿಂತ ನಾಲ್ಕಾರು ವರ್ಷ ಚಿಕ್ಕವಳು, ಬರುವಾಗಲೇ ಮಾತು ತೆಗೆದುಕೊಂಡು ಬರುತ್ತಾಳೆ. ‘ಡಾಕ್ಟರ್ ಗಿಕ್ಟರ್ ಎಲ್ಲಾ ಆಮ್ಯಾಲ ಬೇ. ಮನ್ಯಾಗ ದವಾಖಾನಿ ಇಟಗೊಂಡ ಕುಂದಗೋಳಕ್ಕ ಯಾಕ ಹೊಂಟಿ? ರೇವಕ್ಕನ ಕಾಲಾಗ ಎಷ್ಟ ಮಂದಿ ಚಳಕ ಬಿಟ್ಟೈತಿ, ನಿನಗ ಗೊತ್ತಿಲ್ಲೇನು?’ ಗೊತ್ತಿತ್ತು. ರೇವವ್ವ ಹುಟ್ಟುವಾಗ ಕಾಲು ಮುಂದಾಗಿ ಹುಟ್ಟಿದವಳು. ಅಂಥವರ ಕಾಲು ಬೆನ್ನಿಗೆ ತಾಕಿದರೆ ಚಳಕು ಹೋಗುತ್ತದೆಂದು, ಮಹಾನಂದಾ ಈ ಮನೆಗೆ ಬಂದ ಹೊಸದರಲ್ಲಿ, ಬೆಳಿಗ್ಗೆ ಬೆಳಿಗ್ಗೆ ಗಂಡಸರು ಹೆಂಗಸರು ಬಂದು ಹೊಸ್ತಿಲಿಗೆ ಬೋರಲು ಮಲಗುತ್ತಿದ್ದರು. ರೇವವ್ವ ಗೋಡೆ ಹಿಡಿದು ನಿಂತು ಬಲಗಾಲಿನಿಂದ ಮೂರು ಸಲ ಅವರ ನಡುವನ್ನು ಸವರುತ್ತಿದ್ದಳು, ಮುಖದಲ್ಲಿ ಯಾವ ಭಾವವೂ ಇಲ್ಲದೆ, ರೊಟ್ಟಿ ತಟ್ಟುವವಳ ಹಾಗೆ. ಈಗ ಅದೇ ಕಾಲು ಬಿದ್ದುಹೋಗಿದೆ. ನಿನ್ನೆ ಸಂಜೆ, ಒಂಬತ್ತು ದಿನಗಳಲ್ಲಿ ಮೊದಲ ಸಲ, ರೇವವ್ವ ತಾನಾಗಿ ಮಾತಾಡಿದ್ದಳು: ‘ಎಡಗಾಲು ಐತಿ ಇನ್ನೂ. ಮಂಚದ ಬಾಜು ಮಕ್ಕೊ. ಇಡ್ತೀನಿ.’ ಮಹಾನಂದಾ ಕೇಳಿಸದವಳಂತೆ ಪಾತ್ರೆ ಎತ್ತಿಕೊಂಡು ಒಳಗೆ ಹೋಗಿದ್ದಳು. ತಾನು ಕೆಡವಿದ ಹೆಂಗಸಿನ ಕಾಲಡಿಗೆ ಮಲಗುವುದೆಂದರೇನು? ಕ್ಷಮೆಯೋ ಅದು, ಶಿಕ್ಷೆಯೋ, ಅಥವಾ ನಿಜಕ್ಕೂ ಬರೇ ಚಳಕಿನ ಔಷಧವೋ?

‘ಹೋಗಿ ಬರ್ತೀನ್ರಿ ಅತ್ತಿ,’ ಎಂದಳು ಬಾಗಿಲಲ್ಲಿ ನಿಂತು. ರೇವವ್ವ ತಲೆ ಅಲ್ಲಾಡಿಸಿದಳು. ಎಡ ಮೊಣಕೈ ಮೇಲಿನ ಕಲೆ ನೀಲಿಯಿಂದ ಹಳದಿಗೆ ತಿರುಗಿತ್ತು.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಕೂಡುವುದೋ ನಿಲ್ಲುವುದೋ ಎಂದು ಅವಳು ಯೋಚಿಸುತ್ತ ನಿಂತಾಗ ಕಂಡಕ್ಟರು ‘ಕುಂದರ್ರಿ ಅಕ್ಕಾರ, ದಾರಿ ಬಿಡ್ರಿ’ ಎಂದ. ಕೂತರೆ ನೋವು ಜಾಸ್ತಿ, ನಿಂತರೆ ಕಮ್ಮಿ. ಆದರೆ ಸೀಟು ಖಾಲಿ ಇದ್ದಾಗ ನಿಲ್ಲುವ ಹೆಂಗಸನ್ನು ಎಲ್ಲರೂ ನೋಡುತ್ತಾರೆ. ಕೂತಳು. ಹತ್ತಿ ಬಿಡಿಸಿ ಮುಗಿದ ಕರಿಯ ಹೊಲಗಳು ಎರಡೂ ಕಡೆ ಚಪ್ಪಟೆಯಾಗಿ ಬಿದ್ದಿದ್ದವು, ಕಣ್ಣಿಗೆ ಅಡ್ಡವಾಗುವ ಒಂದು ಗಿಡವೂ ಇಲ್ಲದೆ. ಅವಳು ಉದ್ದನೆಯ ಹೆಂಗಸು. ಮದುವೆಯಾಗಿ ಬಂದಾಗ ರೇವವ್ವ ನೆರೆಯವರ ಮುಂದೆ ನಗುತ್ತ, ‘ನಮ್ಮ ಮನೀ ಬಾಗಲಾನ ಎತ್ತರ ಮಾಡಸಬೇಕು’ ಎಂದಿದ್ದಳು. ಬಾಗಿಲನ್ನು ಯಾರೂ ಎತ್ತರ ಮಾಡಿಸಲಿಲ್ಲ. ಒಲೆಯ ಕಟ್ಟೆ ರೇವವ್ವನ ಎತ್ತರಕ್ಕೆ ಕಟ್ಟಿದ್ದು, ಪಾತ್ರೆ ತೊಳೆಯುವ ತೊಟ್ಟಿ ರೇವವ್ವನ ಎತ್ತರದ್ದು, ಬಟ್ಟೆ ಒಗೆಯುವ ಕಲ್ಲು ಅದಕ್ಕಿಂತ ಕೆಳಗೆ. ಹತ್ತೊಂಬತ್ತು ವರ್ಷ ಅವಳು ಆ ಮನೆಯಲ್ಲಿ ಬಗ್ಗಿಯೇ ಇದ್ದಳು. ಯಾರೂ ಬಗ್ಗು ಎಂದು ಹೇಳಿರಲಿಲ್ಲ. ಈಗ ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ಓದುವ ಮಗಳು ಹುಟ್ಟಿದಾಗ ತವರಿಗೆ ಕಳಿಸದೆ ಬಾಣಂತನ ಮಾಡಿದವಳೂ ಇದೇ ರೇವವ್ವ. ಸುಡುಸುಡು ನೀರು ಹಾಕಿ, ಹಳೆಯ ಇಳಕಲ್ ಸೀರೆಯ ಪಟ್ಟಿಯನ್ನು ನಲವತ್ತು ದಿನ ಸೊಂಟಕ್ಕೆ ಬಿಗಿದು ಕಟ್ಟಿದವಳು. ಕಟ್ಟುವಾಗ ಮೊಣಕಾಲೂರಿ ಕೂತು, ಎರಡೂ ಕೈ ಅವಳ ಸೊಂಟದ ಸುತ್ತ ಹಾಯಿಸಿ, ಕೆನ್ನೆಯನ್ನು ಹೊಟ್ಟೆಗೆ ಒತ್ತಿ ಎಳೆಯುತ್ತಿದ್ದಳು. ‘ಉಸುರು ಹಿಡಿ. ಈಗ ಕಟ್ಟದಿದ್ರ ಮುದುಕಿ ಆದಾಗ ನಡಾ ನಿನ್ನ ಮಾತು ಕೇಳೂದಿಲ್ಲ.’ ಆ ಕೆನ್ನೆಯ ಬಿಸಿ ನೆನಪಾದದ್ದೇ ಬಸ್ಸು ತಗ್ಗಿಗೆ ಇಳಿಯಿತು. ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದಳು. ಹಿಡಿದ ಕೈಗಳನ್ನು ನೋಡಿದಳು. ಹಿಡಿಯಲು ಬರುತ್ತದೆ ಈ ಕೈಗಳಿಗೆ. ಚಳಕು ಹೊಡೆದಾಗಲೂ ಹಿಡಿದೇ ಇದ್ದವು.

ಹೋದ ವಾರದ ಗುರುವಾರ, ಹನ್ನೊಂದರ ಹೊತ್ತು. ರೇವವ್ವನನ್ನು ಮಂಚದಿಂದ ಕುರ್ಚಿಗೆ ದಾಟಿಸುತ್ತಿದ್ದಳು; ನಡುವೆ ತೂತು ಕೊರೆಸಿ ಕೆಳಗೆ ಬಕೇಟು ಇಟ್ಟ ಕುರ್ಚಿ. ಎರಡೂ ಕಂಕುಳಲ್ಲಿ ಕೈ ಹಾಕಿ, ಮೂಗು ಒಂದು ಕಡೆ ತಿರುಗಿಸಿ, ತೋಳು ಚಾಚಿ ಎತ್ತುವುದು ಅವಳ ರೂಢಿ. ಅವತ್ತು ಬೆಳಗಿನಿಂದ ಮೂರು ಸಲ ಹಾಸಿಗೆ ಬದಲಿಸಿ ಆಗಿತ್ತು. ಎತ್ತಿ ಅರ್ಧ ತಿರುಗುವಷ್ಟರಲ್ಲಿ ಅದು ಸೊಂಟದಿಂದ ಹಿಮ್ಮಡಕ್ಕೆ ಓಡಿತು, ಕಾಲು ತನ್ನದಲ್ಲ ಅನ್ನಿಸಿತು, ಕಣ್ಣು ಕತ್ತಲೆ ಬಂತು. ಅಲ್ಲಿಯವರೆಗೂ ಎಲ್ಲರಿಗೂ ಹೇಳಬಹುದಾದ ಕತೆ. ಅದರ ನಂತರ ಒಂದು ಕ್ಷಣ ಇತ್ತು. ಕತ್ತಲೆ ಹೋಗಿ ಎಲ್ಲ ಸ್ಪಷ್ಟವಾಗಿ ಕಂಡ ಒಂದು ಕ್ಷಣ: ರೇವವ್ವನ ಸೊಟ್ಟ ತುಟಿ, ತುಟಿಯ ಮೂಲೆಯಲ್ಲಿ ಅಂಟಿದ್ದ ಉಪ್ಪಿಟ್ಟಿನ ಕಾಳು, ಕುರ್ಚಿ ಒಂದು ಮೊಳ ದೂರ. ಕೈಗಳು ಇನ್ನೂ ಹಿಡಿದಿದ್ದವು. ಹಿಂದಕ್ಕೆ, ಮಂಚದ ಮೇಲೆ ಕೂಡಿಸಬಹುದಾಗಿತ್ತು. ಆಗ ಅವಳೊಳಗೆ ಯಾರೋ ಬಹಳ ಶಾಂತವಾಗಿ ‘ಸಾಕು’ ಎಂದರು, ಮತ್ತು ಅವಳು ಬೆರಳು ತೆರೆದಳು. ಅವತ್ತು ಸಾಲೆಗೆ ರಜೆ; ಸದ್ದಿಗೆ ಅಂಗಳದಿಂದ ಓಡಿಬಂದ ಸುಭಾಸನಿಗೆ ಕೈ ಜಾರಿತು ಎಂದು ಹೇಳಲು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ನೆಲದ ಮೇಲಿನಿಂದಲೇ ರೇವವ್ವ, ‘ನಾನ ಅಕೀನ್ನ ಬಿಟ್ಟು ಮಂಚಾ ಹಿಡ್ಯಾಕ ಹ್ವಾದೆ, ಬಿದ್ದೆ. ಅಕೀದೇನೂ ತಪ್ಪಿಲ್ಲ’ ಎಂದಳು. ಸುಭಾಸ ನಂಬಿದ. ಊರು ನಂಬಿತು. ಎಲುಬು ಮುರಿದಿರಲಿಲ್ಲ. ಸೊಸೆಗೂ ಬೆನ್ನುನೋವು ಇದೆಯೆಂದು ಅವತ್ತೇ ಮನೆಗೆ ತಿಳಿದು, ಅದನ್ನು ಡಾಕ್ಟರಿಗೆ ತೋರಿಸುವ ಮಾತು ಬಂತು. ಆ ಮುದುಕಿ ಯಾಕೆ ಸುಳ್ಳು ಹೇಳಿದಳು? ನಿಜವಾಗಿ ಹಾಗೆಂದು ತಿಳಿದಳೇ? ಅಥವಾ ಬೆರಳುಗಳು ಒಂದೊಂದಾಗಿ ತೆರೆದದ್ದು ಅವಳ ಕಂಕುಳಿಗೆ ಗೊತ್ತಾಗಿದೆಯೇ?

ಕುಂದಗೋಳದಲ್ಲಿ ಫಿಜಿಯೊಥೆರಪಿಯ ಕೋಣೆ ಬಟ್ಟೆಯಂಗಡಿಯೊಂದರ ಮೇಲಿತ್ತು. ಬೆನ್ನುನೋವಿನವರು ಹತ್ತಬೇಕಾದ ಇಪ್ಪತ್ತು ಮೆಟ್ಟಿಲು. ಮೇಲೆ ತಹಸೀನ್ ಎಂಬ ಹುಡುಗಿ, ಇಪ್ಪತ್ತೇಳು ಇಪ್ಪತ್ತೆಂಟು ಇರಬಹುದು, ತಲೆಗೆ ತಿಳಿಹಸಿರು ಓಢಣಿ ಸುತ್ತಿ, ಮೇಲೆ ಬಿಳಿ ಕೋಟು ಹಾಕಿಕೊಂಡಿದ್ದಳು. ಹುಬ್ಬಳ್ಳಿಯ ಚೀಟಿ ಓದಿ, ‘ಏನ್ ಕೆಲಸಾ ಮಾಡ್ತೀರಿ ಅಕ್ಕಾ?’ ಎಂದಳು.

‘ಏನೂ ಇಲ್ರಿ. ಮನ್ಯಾಗಿರ್ತೀನಿ.’

ತಹಸೀನ್ ಬರೆಯಲಿಲ್ಲ. ಪೆನ್ನು ಕೆಳಗಿಟ್ಟಳು. ‘ಹಂಗಲ್ಲ. ಮುಂಜಾನೆ ಎದ್ದ ಮ್ಯಾಲ ಮೊದಲ ಏನ್ ಎತ್ತತೀರಿ, ಆಮ್ಯಾಲ ಎಲ್ಲಿ ಬಗ್ಗತೀರಿ, ಒಂದೊಂದ ಹೇಳ್ರಿ.’ ಯಾರೂ ಹೀಗೆ ಕೇಳಿರಲಿಲ್ಲ. ಮಹಾನಂದಾ ಹೇಳುತ್ತ ಹೋದಳು, ಹೇಳುತ್ತ ಹೇಳುತ್ತ ತನ್ನ ದಿನವೇ ಬೇರೆ ಯಾರದೋ ದೂರಿನಂತೆ ಕೇಳಿಸತೊಡಗಿತು, ನಡುವೆ ನಿಲ್ಲಿಸಿದಳು. ಆಮೇಲೆ ಪರೀಕ್ಷೆ. ಸೀರೆ ಸಡಿಲಿಸಿ ಅಂಗಾತ ಮಲಗಬೇಕಾಯಿತು. ಬಿಚ್ಚಿದ ಗಂಡನ ಬೆಲ್ಟಿನ ಅಗಲವನ್ನು ಒಮ್ಮೆ ನೋಡಿ ತಹಸೀನ್ ಅದನ್ನು ಸುತ್ತಿ ಬದಿಗಿಟ್ಟಳು. ಬಲಗಾಲು ಎತ್ತಿದಾಗ ಏನೂ ಆಗಲಿಲ್ಲ. ಎಡಗಾಲನ್ನು ನೆಟ್ಟಗೆ ಹಿಡಿದು ಎತ್ತುತ್ತಿದ್ದಂತೆ ಅರ್ಧಕ್ಕೇ ಅವಳು ಹಾಸಿಗೆಯ ಅಂಚು ಹಿಡಿದಳು. ಹೆಬ್ಬೆರಳನ್ನು ಮೇಲೆತ್ತಲು ಹೇಳಿ ಅದರ ಮೇಲೆ ಒತ್ತಿದಳು ಹುಡುಗಿ. ಪಾದದ ಮೇಲೆ ಅಲ್ಲಲ್ಲಿ ಹತ್ತಿ ತಾಗಿಸಿ ಗೊತ್ತಾಗುತ್ತದೆಯೇ ಎಂದು ಕೇಳಿದಳು. ಆಮೇಲೆ ದನಿ ತಗ್ಗಿಸಿ, ‘ಒಂದಕ್ಕ, ಎರಡಕ್ಕ ಹೋಗೂದ್ರಾಗ ಏನರ ಫರಕ ಐತೇನ್ರಿ? ಕುಂದರೂ ಜಾಗಾ ಮರಗಟ್ಟಿಧಂಗ? ಹಂಗೇನರ ಆದ್ರ ಒಂದ ದಿನಾನೂ ತಡಾ ಮಾಡಬ್ಯಾಡ್ರಿ, ಸೀದಾ ದೊಡ್ಡ ದವಾಖಾನಿಗೆ ಹೋಗಬೇಕು’ ಎಂದಳು. ಇಲ್ಲ ಎಂದು ಮಹಾನಂದಾ ತಲೆ ಆಡಿಸಿದಳು. ದಿನಕ್ಕೆ ಏಳು ಸಲ ತಾನು ಇನ್ನೊಬ್ಬರಿಗೆ ಕೇಳುವ ಪ್ರಶ್ನೆ ಇದು. ಕೇಳಿಸಿಕೊಳ್ಳುವವರಿಗೆ ಹೀಗನ್ನಿಸುತ್ತದೆಂದು ಎರಡು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

‘ಬೆನ್ನೆಲಬಿನ ಮಣಿ ಇರ್ತಾವಲ್ರಿ, ಅವುಗಳ ನಡುವ ಸಣ್ಣ ಸಣ್ಣ ಗಾದಿ ಇರ್ತಾವು. ಅದರಾಗ ಒಂದ ಗಾದಿ ಹಿಂದಕ್ಕ ಉಬ್ಬಿ ನರಕ್ಕ ತಾಕೈತಿ. ಅದಕ್ಕ ಕಾಲಿನ ಮಟಾ ನೋವು,’ ಎಂದಳು ತಹಸೀನ್. ‘ಅಂಜಬ್ಯಾಡ್ರಿ. ಬಾಳ ಮಂದಿಗೆ ಆಪರೇಶನ್ ಬೇಕಾಗೂದಿಲ್ಲ. ಆರ ವಾರ, ಎರಡ ತಿಂಗಳು, ತಾನ ಇಳೀತೈತಿ. ಆದ್ರ ಮಕ್ಕೊಂಡ ಇರಬ್ಯಾಡ್ರಿ, ಸ್ವಲ್ಪ ಸ್ವಲ್ಪ ಅಡ್ಡಾಡ್ರಿ. ಬಿಸಿ ಶಾಖಾ ತಗೋರಿ. ಬೆಲ್ಟ್ ಇಡೀ ದಿನಾ ಹಾಕಿದ್ರ ಬೆನ್ನು ತನ್ನ ಕೆಲಸಾ ಮರೀತೈತಿ. ಗ್ಯಾಸಿನ ಕೆಳಗ ಒಂದ ಹಲಗಿ ಕೊಟ್ಟು ಎತ್ತರ ಮಾಡ್ರಿ, ನೀವ ಬಗ್ಗೂದಕಿಂತ ಒಲೀನ ಮ್ಯಾಲ ಬರಲಿ.’ ಒಲೆ ಮೇಲೆ ಬರಬಹುದು ಎಂಬುದು ಅವಳಿಗೆ ನಗು ತರಿಸುವಷ್ಟು ಸರಳವಾಗಿ ಕಂಡಿತು. ಹತ್ತೊಂಬತ್ತು ವರ್ಷ. ಒಂದು ಹಲಗೆ.

ಮೊಣಕಾಲು ಮಡಚಿ ಮಾಡುವ ಎರಡು ಮೂರು ವ್ಯಾಯಾಮ ಕಲಿಸಿದ ಮೇಲೆ ತಹಸೀನ್ ಹೋಗಿ ಪರೀಕ್ಷೆಯ ಮಂಚದ ಅಂಚಿಗೆ ಕೂತಳು, ಬಲಗೈಯನ್ನು ಮಡಿಲಲ್ಲಿ ಸತ್ತಂತೆ ಬಿಟ್ಟಳು. ‘ಈಗ ನಾ ನಿಮ್ಮ ಅತ್ತಿ. ದಿನಾ ಹೆಂಗ ಎತ್ತತೀರಿ, ಹಂಗ ಎತ್ರಿ. ಪೂರಾ ಎತ್ತಬ್ಯಾಡ್ರಿ, ಹಿಡದ ತೋರಸ್ರಿ ಸಾಕು.’

ಮಹಾನಂದಾ ಅವಳ ಮುಂದೆ ಬಗ್ಗಿದಳು. ಕಂಕುಳಲ್ಲಿ ಕೈ ಹಾಕಿದಳು. ಕುತ್ತಿಗೆ ತಾನಾಗಿ ಎಡಕ್ಕೆ ತಿರುಗಿತು, ಮೂಗು ದೂರವಾಯಿತು, ಸೊಂಟ ಹಿಂದಕ್ಕೆ ಹೋಯಿತು. ಸಾಬೂನಿನ ವಾಸನೆಯ ಈ ಹುಡುಗಿಯ ಮುಂದೆಯೂ ಅವಳ ಮೈ ಅದನ್ನೇ ಮಾಡಿತು.

‘ಇಷ್ಟ ದೂರ ಯಾಕ ಹಿಡೀತೀರಿ?’ ತಹಸೀನ್ ಸಹಜವಾಗಿ ಕೇಳಿದಳು, ಅವಳ ಕೆಲಸದ ಪ್ರಶ್ನೆ ಅದು. ‘ಕೊಡಾನ ಕೈ ಚಾಚಿ ಹಿಡದ್ರ ಎಷ್ಟ ಭಾರ ಆಗತೈತಿ, ಸೊಂಟದ ಮ್ಯಾಲ ಇಟಗೊಂಡ್ರ ಎಷ್ಟ? ಅಷ್ಟ. ಮೈಗೆ ಹತ್ರ ತಗೋರಿ. ಅವರ ಎದಿ ನಿಮ್ಮ ಎದೀಗೆ. ಅವರ ಗದ್ದ ನಿಮ್ಮ ಭುಜದ ಮ್ಯಾಲ. ನಿಮ್ಮ ಕಾಲು ಅವರ ಕಾಲಿನ ನಡುವ. ಬೆನ್ನು ಬಗ್ಗಸಬ್ಯಾಡ್ರಿ, ಮೊಣಕಾಲ ಬಗ್ಗಸ್ರಿ.’ ಹುಡುಗಿ ಎರಡೂ ಕೈಯಿಂದ ಅವಳನ್ನು ಹತ್ತಿರ ಎಳೆದುಕೊಂಡಳು. ಯಾರನ್ನಾದರೂ ಹೀಗೆ ಎದೆಗೆ ಎದೆ ಹಚ್ಚಿ ಹಿಡಿದು ಎಷ್ಟು ದಿನವಾಯಿತೆಂದು ಲೆಕ್ಕ ಹಾಕಲು ಹೋಗಿ ಮಹಾನಂದಾ ಬಿಟ್ಟುಬಿಟ್ಟಳು. ಮೂರನೆಯ ಸಲಕ್ಕೆ ಸರಿಯಾಗಿ ಬಂತು. ‘ಹಿಂಗ. ಆದ್ರೂ ಒಬ್ರ ಎತ್ತಬ್ಯಾಡ್ರಿ, ಒಂದ ಎರಡ ತಿಂಗಳರ. ನಿಮ್ಮ ಯಜಮಾನ್ರಿಗೆ ಹೇಳ್ರಿ. ಯಾವಾಗರ ಬಿದ್ದಾರೇನು ಅವರು?’

‘ಒಂದ ಸಲ. ಹ್ವಾದ ವಾರ.’

‘ಹೆಂಗ?’

ಕೆಳಗೆ ಅಂಗಡಿಯಲ್ಲಿ ಬಟ್ಟೆ ಹರಿಯುವ ಸದ್ದು ಕೇಳಿತು. ಇವಳಿಗೆ ಹೇಳಿಬಿಡಬಹುದು. ನಾಳೆ ಮುಖ ನೋಡಬೇಕಾದವಳಲ್ಲ. ‘ಕೈ...’ ಎಂದಳು. ‘ಕೈ ಜಾರಿತು.’

‘ಆಗತೈತ್ರಿ. ಅಂಥಾ ನೋವಿನಾಗ ಕೈ ತಾವ ಬಿಡತಾವು, ನಮ್ಮ ಸ್ವಾಧೀನದಾಗ ಇರೂದಿಲ್ಲ. ಅದಕ್ಕ ನೀವು ಮನಸ್ಸಿಗೆ ಹಚ್ಚಿಗೋಬ್ಯಾಡ್ರಿ.’ ಹುಡುಗಿ ಚೀಟಿಯಲ್ಲಿ ಏನೋ ಬರೆಯತೊಡಗಿದಳು. ಮಹಾನಂದಾ ನಿಂತೇ ಇದ್ದಳು. ಓದಿದವರೇ ಹೇಳುತ್ತಿದ್ದಾರೆ, ಕೈ ತಾವೇ ಬಿಡುತ್ತವೆ ಎಂದು. ತಗೊಂಡು ಸೆರಗಿಗೆ ಕಟ್ಟಿಕೊಂಡು ಹೋಗಬಹುದಾದ ಮಾತು. ಮೆಟ್ಟಿಲು ಇಳಿಯುವಾಗ ಅದನ್ನೇ ಮತ್ತೆ ಮತ್ತೆ ಹೇಳಿಕೊಂಡಳು. ಕೊನೆಯ ಮೆಟ್ಟಿಲು ಮುಟ್ಟುವಷ್ಟರಲ್ಲಿ ಆ ‘ಸಾಕು’ ಎಂಬ ಶಾಂತವಾದ ದನಿ ಮತ್ತೆ ಕೇಳಿಸಿತು. ನೋವಿಗೆ ಅಂಥ ದನಿ ಇರುವುದಿಲ್ಲ. ನೋವು ಚೀರುತ್ತದೆ. ಅದು ಅವಳದೇ ದನಿಯಾಗಿತ್ತು, ದಿನಾ ಹಾಲಿನವನಿಗೆ ಹೇಳುವ ಸಾಕು.

ಮನೆ ಮುಟ್ಟಿದಾಗ ಎರಡೂವರೆ. ಸುಭಾಸನ ಬೈಕು ಅಂಗಳದಲ್ಲಿತ್ತು. ಹಲೀಮಾಬಿ ಚಪ್ಪಲಿ ಹಾಕಿಕೊಂಡು ಹೊರಗೇ ನಿಂತಿದ್ದಳು. ‘ಏನ ಹಟಮಾರಿ ಹೆಂಗಸ ಬೇ ನಿಮ್ಮತ್ತಿ! ಮುಂಜಾನಿಂದ ತಡಕೊಂಡ ಕುಂತಾಳ. ನಾ ಹಿಡೀತೀನಿ ಅಂದ್ರ ಒಲ್ಲೆ ಅಂತಾಳ, ಚಾ ಕುಡಿ ಅಂದ್ರ ಒಲ್ಲೆ, ಕುಡದ್ರ ಮತ್ತ ಹೋಗಬೇಕಾಗತೈತಿ ಅಂತ. ನೀ ಬರೂ ಮಟಾ ಒಲ್ಲೆ ಅಂದ್ರ ಒಲ್ಲೆ.’ ಹೀಗೆಂದು ತನ್ನ ಮನೆಗೆ ಹೋದಳು. ನೀ ಬರೂ ಮಟಾ. ಕೆಡವಿದ ಕೈಗಳಿಗಾಗಿಯೇ ಕಾದು ಕೂತಿದ್ದಾಳೆ. ಮಹಾನಂದಾಳಿಗೆ ಒಮ್ಮೆಲೇ ಸಿಟ್ಟು ಬಂತು, ಹೊಸ್ತಿಲಲ್ಲೇ ನಿಂತುಬಿಟ್ಟಳು. ಇಡೀ ಊರಿನಲ್ಲಿ ಬೇರೆ ಯಾರ ಕೈಯೂ ಆಗುವುದಿಲ್ಲ ಎಂದರೆ ಏನು ಅರ್ಥ?

‘ಏನಂದ್ರು?’ ಸುಭಾಸ ಕೇಳಿದ.

‘ಎರಡ ತಿಂಗಳು ಒಬ್ಬಾಕಿನ ಎತ್ತಬಾರದು ಅಂದ್ರು,’ ಎಂದಳು. ಆಮೇಲೆ, ಎರಡು ವರ್ಷದಲ್ಲಿ ಹೇಳದ್ದು ಬಾಯಿಂದ ಬಂದುಬಿಟ್ಟಿತು: ‘ಅತ್ತೀನ. ಅತ್ತೀನ ಎತ್ತಬಾರದು ಅಂದ್ರು. ಅದ ಭಾರ.’ ನಡುಮನೆಗೆ ಕೇಳಿಸುವಷ್ಟು ಗಟ್ಟಿಯಾಗಿಯೇ ಹೇಳಿದ್ದಳು. ಸುಭಾಸನ ಮುಖದಲ್ಲಿ ಏನೋ ನಿಧಾನವಾಗಿ ತಿಳಿಯಾಗುವುದನ್ನು ನೋಡಿದಳು, ಫೈಲಿನಲ್ಲಿ ತಪ್ಪಿಹೋಗಿದ್ದ ಹಾಳೆ ಸಿಕ್ಕವನ ಹಾಗೆ. ಅವನು ಅಂಗಿಯ ತೋಳು ಮಡಚಿದ. ‘ನಾ ಎತ್ತತೀನಿ. ಹೇಳಬಾರದೇನು ಇಷ್ಟ ದಿನಾ,’ ಎಂದು ಒಳಗೆ ಹೋದ. ಅವನಿಗೆ ಅದು ಅಷ್ಟು ಸುಲಭವಾಗಿತ್ತು. ಅವಳು ಹಿಂದೆಯೇ ಹೋದಳು.

ರೇವವ್ವ ಗೋಡೆಗೆ ಒರಗಿ ಕೂತಿದ್ದಳು, ಹಣೆಯಲ್ಲಿ ವಿಭೂತಿ ಬೆವರಿಗೆ ಕರಗಿತ್ತು. ಮಗ ಹತ್ತಿರ ಬಂದು ತೋಳು ಚಾಚಿದಾಗ ಎಡಗೈಯಿಂದ ಸೀರೆಯ ಅಂಚನ್ನು ಮೊಣಕಾಲ ಕೆಳಗೆ ಎಳೆದುಕೊಂಡಳು. ‘ನೀ ಬ್ಯಾಡ.’

‘ಯವ್ವಾ, ಅಕೀಗೆ ಆಗೂದಿಲ್ಲ. ನಾ ಏನು ಹೊರಗಿನಂವ ಏನು?’

‘ಹೊರಗ ನಡಿ ನೀ. ಗಂಡಮಗ ಹಂತಾ ಕೆಲಸಾ ಮಾಡಬಾರದು.’ ಸೊಟ್ಟ ಬಾಯಿಂದ ಬಂದರೂ ಆ ಮಾತು ಹಳೆಯ ರೇವವ್ವನದೇ. ‘ನಡಿ ಅಂದೆ.’

ಸುಭಾಸ ಒಂದು ಹೆಜ್ಜೆ ಹಿಂದೆ ಸರಿದ. ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಏನು ಮಾಡಲಿ ಎಂಬಂತೆ ಕೈ ತಿರುಗಿಸಿದ. ಆದರೆ ಅವನ ಹೆಗಲು ಇಳಿದದ್ದನ್ನು, ಬಚಾವಾದವನ ಉಸಿರು ಹೊರಬಿದ್ದದ್ದನ್ನು ಮಹಾನಂದಾ ಕಂಡಳು. ಅವನನ್ನು ದೂರುವಂತೆಯೂ ಇರಲಿಲ್ಲ. ಅವನು ಕೇಳಿದ್ದ, ತಾಯಿ ಒಲ್ಲೆ ಎಂದಿದ್ದಳು. ಇನ್ನು ಮೇಲೆ ಎಂದೂ ಅವನು ಕೇಳುವ ಅಗತ್ಯವಿಲ್ಲ. ಎಲ್ಲಾ ಬಾಗಿಲೂ ತೆರೆದಿದ್ದ ಮನೆಯಲ್ಲಿ ಒಂದು ಬಾಗಿಲು ಹಾಕಿಕೊಂಡಂತಾಯಿತು, ಹಾಕಿದವರು ಯಾರು ಎಂದು ಹೇಳಲಾಗದಂತೆ. ಅವನು ಹೊರಗೆ ಅಂಗಳಕ್ಕೆ ಹೋಗಿ ನಿಂತ.

‘ಬಾ,’ ಎಂದಳು ರೇವವ್ವ. ‘ತಡೀಲಾರೆ.’

ಮಹಾನಂದಾ ಕುರ್ಚಿಯನ್ನು ಮಂಚಕ್ಕೆ ತಾಗುವಂತೆ ಎಳೆದಳು. ಹುಡುಗಿ ಹೇಳಿದಂತೆ ಅತ್ತೆಯನ್ನು ಅಂಚಿಗೆ ಸರಿಸಿ, ಪಾದ ನೆಲಕ್ಕೆ ಊರಿಸಿ, ತನ್ನ ಕಾಲನ್ನು ಅವಳ ಕಾಲುಗಳ ನಡುವೆ ಇಟ್ಟಳು. ಮೊಣಕಾಲು ಬಗ್ಗಿಸಿದಳು. ಎರಡೂ ಕೈ ಬೆನ್ನ ಹಿಂದೆ ಹಾಯಿಸಿ ಹತ್ತಿರ, ಇನ್ನೂ ಹತ್ತಿರ ತಂದುಕೊಂಡಳು. ರೇವವ್ವ ಬೆಚ್ಚಿದಳು, ಎರಡು ವರ್ಷದಲ್ಲಿ ಹೀಗೆ ಹಿಡಿದವರಿಲ್ಲ. ಮೂತ್ರದ, ಎಣ್ಣೆಯ, ವಿಭೂತಿಯ ವಾಸನೆ ನೇರ ಮೂಗಿಗೆ ಬಂತು. ಮುಖ ತಿರುಗಿಸಲು ಜಾಗವಿರಲಿಲ್ಲ, ಮುದುಕಿಯ ಗದ್ದ ಆಗಲೇ ಅವಳ ಹೆಗಲ ಮೇಲಿತ್ತು, ಎಡಗೈ ಕುತ್ತಿಗೆಯನ್ನು ಬಳಸಿತ್ತು. ‘ಒಂದು, ಎರಡು, ಮೂರು,’ ಎಂದು ಎದ್ದಳು. ನೋವು ಇತ್ತು, ಎದ್ದು ಓಡಲಿಲ್ಲ. ಮಂಚಕ್ಕೂ ಕುರ್ಚಿಗೂ ನಡುವೆ ಇಬ್ಬರೂ ನಿಂತರು. ಅತ್ತೆಯ ಎದೆಯ ಬಡಿತ ಅವಳ ಎದೆಗೆ ತಾಕುತ್ತಿತ್ತು, ಜೋರಾಗಿ, ಓಡಿ ಬಂದವರ ಎದೆಯ ಹಾಗೆ. ಈ ಹೆಂಗಸು ಹೆದರಿದ್ದಾಳೆ ಎಂದು ಅವಳಿಗೆ ಆಗ ತಿಳಿಯಿತು. ಒಂಬತ್ತು ದಿನಗಳಿಂದ, ಪ್ರತಿ ಸಲವೂ, ಹೆದರಿಕೊಂಡೇ ಕೈಗೆ ಬಂದಿದ್ದಾಳೆ.

‘ಅತ್ತಿ,’ ಎಂದಳು. ‘ಅವತ್ತ ಕೈ ಜಾರಲಿಲ್ಲ. ನಾ ಬಿಟ್ಟೆ.’

ಕಿವಿಯ ಹತ್ತಿರ ಉಸಿರು ಒಮ್ಮೆ ನಿಂತು ಮತ್ತೆ ಬಂತು. ‘ಗೊತ್ತೈತಿ. ಮೊದಲ ಕುಂದ್ರಸು.’

ತಿರುಗಿಸಿದಳು, ಮೊಣಕಾಲು ಬಗ್ಗಿಸಿ ನಿಧಾನಕ್ಕೆ ಕುರ್ಚಿಗೆ ಇಳಿಸಿದಳು. ಬಕೇಟಿನಲ್ಲಿ ಸದ್ದು ಶುರುವಾಯಿತು, ಬಹಳ ಹೊತ್ತು ನಡೆಯಿತು.

‘ಮತ್ತ ಅವರ ಮುಂದ ಯಾಕ ಸುಳ್ಳ ಹೇಳಿದ್ರಿ?’

‘ಖರೇ ಹೇಳಿದ್ರ ಮರುದಿನಾ ನನ್ನ ಯಾರ ಎತ್ತತಿದ್ರು?’ ರೇವವ್ವ ಅಂದಳು. ಅದರಲ್ಲಿ ಸಿಟ್ಟಿರಲಿಲ್ಲ, ಕರುಣೆಯೂ ಇರಲಿಲ್ಲ. ಬೆಳಗಿನಿಂದ ಸಂಜೆಯ ತನಕ ಮಂಚದ ಮೇಲೆ ಕೂತು ಯೋಚಿಸಿ ಮುಗಿಸಿದವಳ ದನಿ. ‘ನೀ ಒಮ್ಮ ಬಿಟ್ಟಾಕಿ. ಉಳದವರು ಒಮ್ಮಿನೂ ಹಿಡದವರಲ್ಲ.’

ಮಹಾನಂದಾ ಎದ್ದು ನಿಲ್ಲಲು ಹೋದಳು. ಕುತ್ತಿಗೆಯ ಸುತ್ತ ಬಳಸಿದ್ದ ಎಡಗೈ ಸಡಿಲವಾಗಲಿಲ್ಲ. ‘ಕೈ ಬಿಡ್ರಿ,’ ಎಂದಳು ಮೆಲ್ಲಗೆ. ಬಿಡಲಿಲ್ಲ. ಇಡೀ ಮೈಯಲ್ಲಿ ಉಳಿದಿದ್ದ ಬಲವೆಲ್ಲ ಆ ಒಂದು ಕೈಗೆ ಬಂದಂತೆ ಬಿಗಿಯಾಗಿತ್ತು, ಬೆರಳು ಜಂಪರಿನ ಬಟ್ಟೆಯನ್ನು ಹಿಡಿದಿದ್ದವು. ಹೀಗೆ ಬಗ್ಗಿ ನಿಲ್ಲಬಾರದು, ಮೊಣಕಾಲು ಬಗ್ಗಿಸಬೇಕು, ಬೆನ್ನು ನೆಟ್ಟಗಿರಬೇಕು, ಎಲ್ಲ ನೆನಪಿತ್ತು. ಸೊಂಟದ ಎಡಗಡೆ ಅದು ಮೆಲ್ಲಗೆ ಕಣ್ಣು ಬಿಡುತ್ತಿತ್ತು. ಕೈಯನ್ನು ಕಿತ್ತು ತೆಗೆಯಬಹುದಿತ್ತು, ಎಪ್ಪತ್ತೆರಡು ವರ್ಷದ ಒಂದು ಕೈ. ಅವಳು ಕುರ್ಚಿಯ ಎರಡೂ ತೋಳುಗಳನ್ನು ಹಿಡಿದುಕೊಂಡು ಹಾಗೇ ನಿಂತಳು.

‘ಆತೇನು?’ ಅಂಗಳದಿಂದ ಸುಭಾಸ ಕೂಗಿದ.

ರೇವವ್ವ ಅವಳ ಕೆನ್ನೆಯ ಪಕ್ಕದಿಂದಲೇ ಮಗನಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದಳು: ‘ಇನ್ನೂ ಇಲ್ಲ.’